ಹಳದಿ ಲಕೋಟೆ ಬಿಚ್ಚಿಕೊಡುವ ನೆರ್ಮಿನಾ

ಬೆಳಗಿನ ಐದೂವರೆ. ಬ್ರೆಮರ್‌ಹಾವೆನ್‌ನ ಮೀನು ಬಂದರಿನ ಬೀದಿಯಲ್ಲಿ ಬೇಕರಿಯೊಂದರ ದೀಪ ಮಾತ್ರ ಉರಿಯುತ್ತಿದೆ. ಮೀನು ಕಾರ್ಖಾನೆಯ ರಾತ್ರಿ ಪಾಳಿ ಈಗಷ್ಟೇ ಬಿಟ್ಟಿದೆ. ಬಾಗಿಲು ತೆರೆದಾಗಲೆಲ್ಲ ಜನರಿಗಿಂತ ಮುಂಚೆ ಮೀನಿನ ವಾಸನೆ ಒಳಗೆ ಬರುತ್ತದೆ. ಕಿಟಕಿಯ ಪಕ್ಕದ ಮೂಲೆಯ ಮೇಜಿನಲ್ಲಿ ನೆರ್ಮಿನಾ ತಬಾಕೊವಿಚ್ ಕುಳಿತಿದ್ದಾರೆ. ವಯಸ್ಸು ಐವತ್ತೆರಡು. ಮುಂದೆ ಒಂದು ಲೋಟ ಕಾಫಿ, ಎರಡು ಪೆನ್ನು, ಒಂದು ಭೂತಗನ್ನಡಿ, ಮೇಜಿನ ಅರ್ಧ ಜಾಗ ನುಂಗಿರುವ ಒಂದು ಕ್ಯಾಲೆಂಡರು. ಕಚೇರಿ ಅಂದರೆ ಇಷ್ಟೇ.

ಎಫುವಾ ದಾದ್ಜಿ ಒಳಗೆ ಬರುತ್ತಾರೆ. ಘಾನಾದವರು. ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು, ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸ. ರಬ್ಬರ್ ಬೂಟು ಇನ್ನೂ ಕಾಲಲ್ಲೇ ಇದೆ. ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಡುತ್ತಾರೆ. ಕೂರುವುದಿಲ್ಲ.

"ಕಾಗದ ಆಮೇಲೆ ನೋಡೋಣ. ಲಕೋಟೆ ಎಲ್ಲಿ?" ಎನ್ನುತ್ತಾರೆ ನೆರ್ಮಿನಾ.

"ಬಿಸಾಕಿದೆ ಅಕ್ಕಾ."

"ಎಲ್ಲಿಗೆ? ಮನೆಯ ಬುಟ್ಟಿಗಾ, ಹೊರಗಿನ ತೊಟ್ಟಿಗಾ?"

"ಮನೇದಕ್ಕೆ."

"ಗಂಡನಿಗೆ ಫೋನ್ ಮಾಡು. ಕಸ ಹೊರಗೆ ಹಾಕ್ಬೇಡ, ಒಳಗೆ ಕೈ ಹಾಕಿ ಹುಡುಕು ಅನ್ನು. ಮೊಟ್ಟೆ ಸಿಪ್ಪೆ ಅಂಟಿದ್ರೂ ಪರವಾಗಿಲ್ಲ, ಲಕೋಟೆ ಬೇಕು."

ಸರ್ಕಾರದ ಗಟ್ಟಿ ಮಾತುಗಳೆಲ್ಲ ಇಲ್ಲಿ ಹಳದಿ ಲಕೋಟೆಯಲ್ಲೇ ಬರುತ್ತವೆ. ಡಬ್ಬಿಗೆ ಹಾಕುವ ಮುನ್ನ ಅಂಚೆಯವನು ಅದರ ಮೇಲೆ ಅಂದಿನ ತಾರೀಖು ಬರೆಯುತ್ತಾನೆ. ಉತ್ತರ ಕೊಡುವ ಗಡುವು ಎಣಿಕೆಯಾಗುವುದು ಆ ತಾರೀಖಿನಿಂದ. ಜನ ಒಳಗಿನ ಕಾಗದವನ್ನು ಎದೆಗವಚಿಕೊಂಡು ಬರುತ್ತಾರೆ, ಲಕೋಟೆಯನ್ನು ಮಾತ್ರ ಆಲೂಗೆಡ್ಡೆ ಸಿಪ್ಪೆಯ ಜೊತೆ ಎಸೆದಿರುತ್ತಾರೆ. ಹದಿನಾಲ್ಕು ವರ್ಷದಿಂದ ನೆರ್ಮಿನಾ ಇದೇ ಪ್ರಶ್ನೆಯಿಂದ ದಿನ ಶುರು ಮಾಡುತ್ತಿದ್ದಾರೆ, ಜನ ಹದಿನಾಲ್ಕು ವರ್ಷದಿಂದ ಎಸೆಯುತ್ತಲೇ ಇದ್ದಾರೆ.

ಹತ್ತು ನಿಮಿಷದಲ್ಲಿ ಎಫುವಾ ಅವರ ಫೋನಿಗೆ ಚಿತ್ರ ಬರುತ್ತದೆ. ಕಾಫಿ ಗಸಿಯಲ್ಲಿ ಮಿಂದೆದ್ದ ಲಕೋಟೆ. ತಾರೀಖು ಮಾತ್ರ ಸ್ಪಷ್ಟ. ನೆರ್ಮಿನಾ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುತ್ತಾರೆ. "ಇನ್ನೂ ಹನ್ನೊಂದು ದಿನ ಇದೆ. ಹನ್ನೊಂದು ದಿನದಲ್ಲಿ ದೇವರು ಬೇಕಾದಷ್ಟು ಕೆಲಸ ಮಾಡಿದಾನೆ. ಕೂತ್ಕೋ, ಮೊದಲು ಬನ್ ತಿನ್ನು."

ಕಾಗದದಲ್ಲಿ ಇರುವುದು ಇಷ್ಟು. ಎಫುವಾ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಿದ್ದಾರೆ. ದೇಶದಿಂದ ಹೊರಗೆ ಕಳೆದ ಕಾಲವನ್ನು ಬರೆಯುವ ಕಡೆ, ಐದು ವರ್ಷದ ಹಿಂದೆ ಜನವರಿ ಹದಿನಾಲ್ಕರಿಂದ ಆಗಸ್ಟ್ ಇಪ್ಪತ್ನಾಲ್ಕರವರೆಗೆ ಘಾನಾದಲ್ಲಿದ್ದೆ, ಕಾರಣ ತಾಯಿಯ ಅಂತ್ಯಕ್ರಿಯೆ ಎಂದು ತಾವೇ ತುಂಬಿದ್ದಾರೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಇರುವ ಪರವಾನಗಿಯೂ ತಾನಾಗಿಯೇ ರದ್ದು. ಇದಕ್ಕೆ ಏನಾದರೂ ಹೇಳುವುದಿದ್ದರೆ ನಾಲ್ಕು ವಾರದೊಳಗೆ ಹೇಳಿ ಎಂದು ಕಚೇರಿ ಕೇಳಿದೆ. ಹೇಳಲಾಗದಿದ್ದರೆ ಹನ್ನೊಂದು ವರ್ಷ ನೀರಿನಲ್ಲಿ ಹೋಮ. ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಇಲ್ಲೇ ಹುಟ್ಟಿ ಇಲ್ಲಿಯ ಶಾಲೆಯಲ್ಲಿ ಓದುತ್ತಿರುವ ಎರಡು ಮಕ್ಕಳ ತಾಯಿ ಗಂಟುಮೂಟೆ ಕಟ್ಟಬೇಕಾಗಬಹುದು.

"ಏಳು ತಿಂಗಳು ಅಲ್ಲೇ ಇದ್ಯಾ?"

"ಇಲ್ಲ ಅಕ್ಕಾ. ಜನವರೀಲಿ ಹನ್ನೊಂದು ದಿನ. ಆಗಸ್ಟಲ್ಲಿ ಮೂರು ವಾರ. ನಡುವೆ ಎಲ್ಲಾ ಇಲ್ಲೇ ಇದ್ದೆ, ಮಗು ಸಣ್ಣದು."

"ಮತ್ತೆ ಹೀಗೆ ಯಾಕೆ ಬರೆದೆ ಮಾರಾಯ್ತಿ?"

ಎಫುವಾ ಬನ್ನಿನ ತುಂಡನ್ನು ತಟ್ಟೆಯಲ್ಲೇ ಬಿಡುತ್ತಾರೆ. "ಅಮ್ಮ ಹೋಗಿದ್ದು ಜನವರಿ ಹದಿನಾಲ್ಕು. ಮಣ್ಣು ಮಾಡಿದ್ದು ಆಗಸ್ಟ್ ಇಪ್ಪತ್ನಾಲ್ಕು. ನಮ್ಮಲ್ಲಿ ಸತ್ತ ಕೂಡ್ಲೆ ಎತ್ತಿಬಿಡಲ್ಲ. ನೆಂಟರಿಷ್ಟರೆಲ್ಲ ಸೇರಬೇಕು, ಮನೆಗೆ ಬಣ್ಣ ಹೊಡೀಬೇಕು, ದೂರ ಇರೋ ಅಣ್ಣ ಬರಬೇಕು. ಅಲ್ಲೀವರೆಗೆ ಶವಾಗಾರದಲ್ಲಿ ಇಡ್ತಾರೆ. ಅದೆಲ್ಲಾ ಸೇರಿದ್ರೇನೇ ಅಂತ್ಯಕ್ರಿಯೆ. ಅದು ಎಲ್ಲಿಂದ ಎಲ್ಲೀವರೆಗೆ ನಡೀತೋ ಅದನ್ನೇ ಬರೆದೆ. ಅಮ್ಮನ ವಿಷಯದಲ್ಲಿ ದಿನ ಕಡಿಮೆ ಹೇಳೋಕೆ ಕೈ ಬರಲಿಲ್ಲ."

ನೆರ್ಮಿನಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಕಚೇರಿಯವರದ್ದೂ ತಪ್ಪಿಲ್ಲ, ಬರೆದದ್ದನ್ನು ಓದಿದ್ದಾರೆ. ತಾಯಿ ಸತ್ತ ವಾರ ಹತ್ತು ದಿನದಲ್ಲಿ ಮಣ್ಣು ಮಾಡುವ ಜನರಿಗೆ ಏಳು ತಿಂಗಳ ಅಂತ್ಯಕ್ರಿಯೆ ಎಲ್ಲಿ ಹೊಳೆಯಬೇಕು? ನೆರ್ಮಿನಾ ಅವರಿಗೂ ಹೊಳೆದಿರಲಿಲ್ಲ.

ನೆರ್ಮಿನಾ ವಕೀಲರಲ್ಲ. ಬೋಸ್ನಿಯಾದ ಯುದ್ಧ ಶುರುವಾದಾಗ ಅಪ್ಪ, ಅಮ್ಮ, ತಮ್ಮನ ಜೊತೆ ಒಂದೇ ಚೀಲ ಹಿಡಿದು ಈ ಊರಿಗೆ ಬಂದಿಳಿದ ಇಪ್ಪತ್ತರ ಹುಡುಗಿ. ಇದೇ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಮೀನು ಸೀಳಿದರು. ಮಣಿಕಟ್ಟು ಕೈಕೊಟ್ಟ ಮೇಲೆ ಶಾಲೆಯೊಂದರ ಅಡುಗೆಮನೆ ಸೇರಿದರು. ಅಲ್ಲಿ ಕೆಲಸ ಹತ್ತು ಗಂಟೆಗೆ. ಅದಕ್ಕೆ ಮುಂಚಿನ ನಾಲ್ಕು ಗಂಟೆ ಈ ಮೇಜಿನದು. ನಾಲ್ಕಕ್ಕೆ ಏಳುತ್ತಾರೆ, ಸೈಕಲ್ಲಿನಲ್ಲಿ ಆರು ಕಿಲೋಮೀಟರ್ ಬರುತ್ತಾರೆ. ಎದುರುಗಾಳಿಯಿದ್ದರೆ ಬೈದುಕೊಂಡು ಬರುತ್ತಾರೆ. ಇಲ್ಲಿ ಎದುರುಗಾಳಿ ಇಲ್ಲದ ದಿನವಿಲ್ಲ.

ಈ ಕೆಲಸಕ್ಕೆ ಯಾಕೆ ಬಿದ್ದಿರಿ ಎಂದರೆ ಸುತ್ತಿ ಬಳಸಿ ಹೇಳುವುದಿಲ್ಲ. "ನಮ್ಮಪ್ಪನಿಗೆ ಕಾಗದ ಅಂದ್ರೆ ಹೆದರಿಕೆ. ತಮ್ಮ ಸೆನಾದ್ ಹೆಸರಿಗೆ ಒಂದು ಬಂತು. ಬಿಚ್ಚದೇ ಇದ್ರೆ ಬಂದೇ ಇಲ್ಲ ಅಂದ್ಕೊಂಡು ಚಮಚದ ಡ್ರಾಯರಲ್ಲಿ ಹಾಕಿದ್ರು. ಉತ್ತರ ಕೊಡೋಕೆ ಎರಡೇ ವಾರ ಇತ್ತು. ನಾನು ಚಮಚ ತೆಗೆಯೋಕೆ ಹೋಗಿ ಅದನ್ನ ನೋಡೋ ಹೊತ್ತಿಗೆ ಮೂರು ದಿನ ಮೀರಿತ್ತು. ತಮ್ಮ ಬೋಸ್ನಿಯಾಕ್ಕೆ ವಾಪಸ್ ಹೋಗ್ಬೇಕಾಯ್ತು. ಸತ್ತಿಲ್ಲ, ಬದುಕಿದಾನೆ, ತೂಜ್ಲಾದಲ್ಲಿ ಟೈರ್ ಅಂಗಡಿ ಇಟ್ಟಿದಾನೆ. ಆದ್ರೆ ಒಂದೇ ಮೇಜಲ್ಲಿ ಕೂತು ಉಣ್ಣೋ ಮನೆ ಅವತ್ತಿಗೆ ಮುಗೀತು."

ಅಪ್ಪ ಕೊನೆಯವರೆಗೂ ಆ ಡ್ರಾಯರಿನಿಂದ ತಾವಾಗಿ ಚಮಚ ತೆಗೆದುಕೊಳ್ಳಲಿಲ್ಲವಂತೆ. ಯಾರಾದರೂ ಕೊಟ್ಟರೆ ಉಣ್ಣುತ್ತಿದ್ದರು.

ದಿನಕ್ಕೆ ಏಳೆಂಟು ಮಂದಿ ಬರುತ್ತಾರೆ, ಸೋಮವಾರ ಹನ್ನೆರಡು. ಶನಿವಾರದ ಅಂಚೆಯಲ್ಲಿ ಬಂದ ಕಾಗದದ ಜೊತೆ ಎರಡು ರಾತ್ರಿ ಒಬ್ಬರೇ ಕಳೆದವರು ಸೋಮವಾರ ಓಡೋಡಿ ಬರುತ್ತಾರೆ. ಹತ್ತರಲ್ಲಿ ನಾಲ್ವರಿಗೆ ತೊಂದರೆಯೇ ಇರುವುದಿಲ್ಲ. ಫೋಟೊ ಹಳೆಯದಾಗಿದೆ, ಹೊಸದು ತನ್ನಿ ಎಂದು ಬರೆದಿರುತ್ತದೆ ಅಷ್ಟೆ. ಅಂಥವರು ನಗುತ್ತಾ, ಅಳುತ್ತಾ, ಕಾಫಿ ಕುಡಿಯದೇ ಎದ್ದು ಹೋಗುತ್ತಾರೆ. ಹತ್ತರಲ್ಲಿ ಇಬ್ಬರಿಗೆ ಮಾತ್ರ ನೆರ್ಮಿನಾ 'ಇದು ಆಗುವುದಿಲ್ಲ' ಎಂದೇ ಹೇಳಬೇಕು. "ಅದನ್ನ ಎಳೀಬಾರ್ದು. ಆಸೆ ಮಾರೋರು ಈ ಊರಲ್ಲಿ ಸಾಕಷ್ಟು ಜನ ಇದಾರೆ, ನಾನೂ ಒಂದು ಅಂಗಡಿ ಇಡ್ಬೇಕಾ?"

ಸುಳ್ಳು ವಿಳಾಸ ಬರೆದುಕೊಡಿ ಎಂದವರನ್ನು ಮೇಜಿನಿಂದಲೇ ಎಬ್ಬಿಸಿ ಕಳಿಸಿದ್ದಾರೆ. ಅವರಲ್ಲೊಬ್ಬಳು ನೆರ್ಮಿನಾ ಅವರ ಮದುವೆಗೆ ಬಟ್ಟೆ ಹೊಲಿದಿದ್ದ ಗೆಳತಿ. ಒಂಬತ್ತು ವರ್ಷವಾಯಿತು, ಮಾತಿಲ್ಲ.

ದುಡ್ಡು ಮುಟ್ಟುವುದಿಲ್ಲ. ವಕೀಲಿ ಓದದವರು ಕಾನೂನಿನ ಸಲಹೆ ಕೊಡುವುದಾದರೆ ಪುಕ್ಕಟೆ ಕೊಡಬೇಕು, ಓದಿದವರೊಬ್ಬರ ಕಣ್ಣಳತೆಯಲ್ಲಿ ಕೊಡಬೇಕು ಎಂಬುದು ಇಲ್ಲಿಯ ಕಾಯಿದೆ. ಹಾಗೆ ಕಣ್ಣಿಟ್ಟಿರುವವರು ಅಲ್ಮೂಟ್ ರೆಂಕೆನ್ ಎಂಬ ನಿವೃತ್ತ ವಕೀಲೆ. ಪ್ರತಿ ಗುರುವಾರ ಬಂದು ಎಲ್ಲ ಉತ್ತರಗಳನ್ನೂ ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ. ಇಬ್ಬರೂ ಜಗಳವಾಡದ ಗುರುವಾರ ಬೇಕರಿಯ ಒಡತಿಗೆ ನೆನಪಿಲ್ಲ.

ಎಫುವಾ ಅವರ ಕಡತದಲ್ಲಿ ಕೈಗೆ ಸಿಗುವ ಸಾಕ್ಷಿಗಳೆಲ್ಲ ಒಂದೊಂದಾಗಿ ಜಾರುತ್ತವೆ. ಹಳೆಯ ಪಾಸ್‌ಪೋರ್ಟು ಕೋಟಿನ ಜೇಬಿನಲ್ಲಿದ್ದುಕೊಂಡೇ ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗಿ ಮುದ್ದೆಯಾಗಿದೆ. ಟಿಕೆಟ್ ತೆಗೆಸಿಕೊಟ್ಟ ಅಂಗಡಿ ಮುಚ್ಚಿದೆ. ಆ ವರ್ಷ ಬಾಣಂತನದ ರಜೆ, ಕಾರ್ಖಾನೆಯ ಹಾಜರಿಯಿಲ್ಲ. ಬ್ಯಾಂಕಿನ ಕಾರ್ಡು ಗಂಡನದು. ಮಗುವಿನ ತಪಾಸಣೆಯ ಪುಸ್ತಕದಲ್ಲಿ ಫೆಬ್ರವರಿ ಮತ್ತು ಜೂನ್ ತಿಂಗಳ ಡಾಕ್ಟರ ಮೊಹರು ಇದೆ. ಆದರೆ ಅದು ಮಗು ಇಲ್ಲಿತ್ತು ಎನ್ನುತ್ತದೆ, ತಾಯಿ ಇದ್ದರು ಎನ್ನುವುದಿಲ್ಲ.

ಇಲ್ಲಿಂದ ನೆರ್ಮಿನಾ ಅವರ ಕೆಲಸ ಶುರು. "ಕಾಗದ ಇದೆಯಾ ಅಂತ ನಾನು ಕೇಳಲ್ಲ. ಕೇಳಿದ್ರೆ ಎಲ್ರೂ ಇಲ್ಲ ಅಂತಾರೆ. ಆ ವರ್ಷ ಏನಡುಗೆ ಮಾಡ್ತಿದ್ದೆ, ಯಾರಿಗೆ ಜ್ವರ ಬಂತು, ಯಾರು ನಿನ್ನ ಬೈದ್ರು ಅಂತ ಕೇಳ್ತೀನಿ. ಬೈದವರನ್ನ ಯಾರೂ ಮರೆಯಲ್ಲ."

ಎಫುವಾ ಕೂಡ ಮರೆತಿಲ್ಲ. "ಕೆಳಗಿನ ಮನೆ ಹಾಯೆನ್! ದಿನಾ ಬೈತಿದ್ರು ಅಕ್ಕಾ. ಮೆಟ್ಟಿಲು ಒರೆಸಿಲ್ಲ, ಒರೆಸಿದ್ದು ಸರಿಯಿಲ್ಲ, ಮಗುವಿನ ಗಾಡಿ ದಾರೀಲಿದೆ, ಒಣಮೀನಿನ ನಾತ. ಅವರ ಕಾಟಕ್ಕೇ ಎರಡು ವರ್ಷದ ಹಿಂದೆ ಮನೆ ಬಿಟ್ವಿ."

"ಬಾಯಲ್ಲಿ ಬೈತಿದ್ರಾ, ಬರೆದಿಡ್ತಿದ್ರಾ?"

"ಬರೀತಿದ್ರು. ಮನೆ ಮಾಲೀಕರ ಕಂಪನಿಗೆ ದೂರು ಕಳಿಸ್ತಿದ್ರು."

ನೆರ್ಮಿನಾ ಪೆನ್ನು ಕೆಳಗಿಡುತ್ತಾರೆ. ಮುಖದ ತುಂಬ ನಗು. "ಅಯ್ಯೋ, ದೇವರು ಅವರನ್ನ ಚೆನ್ನಾಗಿಟ್ಟಿರ್ಲಿ!"

ಶನಿವಾರ ಮಧ್ಯಾಹ್ನ ಇಬ್ಬರೂ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತುತ್ತಾರೆ. ಇಲ್ಲಿ ಮೆಟ್ಟಿಲು ಒರೆಸುವುದು ವಾರಕ್ಕೊಂದು ಮನೆಯ ಸರದಿ. ಸರದಿ ಯಾರದೋ ಅವರ ಬಾಗಿಲಿಗೆ ಸಣ್ಣ ಹಲಗೆ ತೂಗುತ್ತದೆ. ಓಟ್‌ಮರ್ ಹಾಯೆನ್ ಅವರಿಗೆ ಎಂಬತ್ತೊಂದು. ಬಂದರಿನಲ್ಲಿ ಹಡಗಿನಿಂದ ಇಳಿಯುವ ಸರಕನ್ನು ಎಣಿಸಿ ಬರೆದುಕೊಳ್ಳುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ಎಣಿಸಲು ಸರಕಿಲ್ಲದೆ ನೆರೆಹೊರೆಯವರನ್ನು ಎಣಿಸತೊಡಗಿದರು ಎಂದು ಕಟ್ಟಡದವರ ಕುಹಕ. ಬಾಗಿಲಿನ ಸರಪಳಿ ತೆಗೆಯದೆ ಇಣುಕುತ್ತಾರೆ.

"ಫ್ರಾವ್ ದಾದ್ಜಿ. ಮಗುವಿನ ಗಾಡಿ ತಂದಿಲ್ಲ ತಾನೆ?"

"ಮಗು ಈಗ ಓಡಾಡ್ತಾನೆ, ಹೆರ್ ಹಾಯೆನ್."

"ಓಡಿದ್ರೆ ಇನ್ನೂ ಸದ್ದು."

ನೆರ್ಮಿನಾ ವಿಷಯ ಹೇಳುತ್ತಾರೆ. ಮುದುಕ ಎಲ್ಲ ಕೇಳಿಸಿಕೊಂಡು ಸರಪಳಿ ತೆಗೆಯುತ್ತಾರೆ. ಕಪಾಟಿನಲ್ಲಿ ವರ್ಷಕ್ಕೊಂದರಂತೆ ಶಾಲೆಯ ನೋಟ್‌ಬುಕ್ಕುಗಳು, ಬೆನ್ನಿಗೆ ಚೀಟಿ ಅಂಟಿಸಿ ನಿಲ್ಲಿಸಿದ್ದಾರೆ. ಒಂದನ್ನು ಎಳೆದು, ನಿಂತೇ ಓದುತ್ತಾರೆ, ನ್ಯಾಯಾಲಯದಲ್ಲಿ ಓದಿದ ಹಾಗೆ.

"ಫೆಬ್ರವರಿ ಒಂಬತ್ತು. ಎರಡನೇ ಮಹಡಿಯ ದಾದ್ಜಿ ಮೆಟ್ಟಿಲು ಒರೆಸಿದ್ದಾರೆ. ಮೂಲೆಗಳು ಹಾಗೇ ಇವೆ. ಮಾರ್ಚ್ ಎರಡು. ಮಗು ಒಂದು ಗಂಟೆ ಅತ್ತಿತು. ತಾಯಿ ಹಾಡಿದರು. ಹಾಡು ಅಳುವಿಗಿಂತ ಜೋರು. ಮಾರ್ಚ್ ಮೂವತ್ತು. ಒಣಮೀನು. ಕಂಪನಿಗೆ ಬರೆದಿದ್ದೇನೆ."

ಎಫುವಾ ಅವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಹಾಯೆನ್ ಹಾಳೆ ತಿರುಗಿಸುತ್ತಾರೆ. ಏಪ್ರಿಲ್ ಇಪ್ಪತ್ತಕ್ಕೆ ಬಂದವರು ಒಮ್ಮೆ ತಡೆದು, ದನಿ ತಗ್ಗಿಸಿ ಓದುತ್ತಾರೆ. "ಸರದಿ ದಾದ್ಜಿ ಅವರದು. ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಒರೆಸಲಿಲ್ಲ. ದೂರು ಬರೆಯಲಿಲ್ಲ."

"ಮತ್ತೆ ಮೆಟ್ಟಿಲು?" ಎಂದು ನೆರ್ಮಿನಾ ಕೇಳುತ್ತಾರೆ.

"ನಾನೇ ಒರೆಸಿದೆ. ಕೊಳಕಾಗಿ ಬಿಡೋಕೆ ಆಗುತ್ತಾ?" ಎಂದು ಮುದುಕ ಗದರುತ್ತಾರೆ. "ಯಾಕೆ ಅತ್ರಿ ಅಂತ ಕೇಳಬೇಕಿತ್ತು. ಕೇಳಲಿಲ್ಲ."

"ಅಮ್ಮ ತೀರಿಕೊಂಡಿದ್ರು," ಎನ್ನುತ್ತಾರೆ ಎಫುವಾ. "ಇನ್ನೂ ಮಣ್ಣು ಮಾಡಿರಲಿಲ್ಲ."

ಹಾಯೆನ್ ನೋಟ್‌ಬುಕ್ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. "ಸಹಿ ಎಲ್ಲಿ ಹಾಕಬೇಕು ಹೇಳಿ. ಉಪಕಾರ ಮಾಡ್ತಿದೀನಿ ಅಂದ್ಕೋಬೇಡಿ ಫ್ರಾವ್ ದಾದ್ಜಿ. ಇದ್ದದ್ದನ್ನ ಬರೆದಿದೀನಿ. ಇದ್ರಿ, ಅದಕ್ಕೆ ಬರೆದೆ."

ಸೋಮವಾರ ಮನೆ ಮಾಲೀಕರ ಕಂಪನಿಯಿಂದ ಹಾಯೆನ್ ದೂರುಗಳ ಪ್ರತಿ ಬರುತ್ತದೆ. ಫೆಬ್ರವರಿಯಿಂದ ಜುಲೈವರೆಗೆ ಹದಿಮೂರು, ಪ್ರತಿಯೊಂದರ ಮೇಲೂ ಬಂದ ದಿನದ ಮೊಹರು. ಒಬ್ಬ ಹೆಂಗಸು ಈ ಊರಿನಲ್ಲೇ ಇದ್ದಳು, ಪ್ರತಿ ವಾರ ಇದ್ದಳು, ಕಿರಿಕಿರಿಯಾಗುವಷ್ಟು ಇದ್ದಳು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ತಾನು ವಕೀಲಿಯಲ್ಲಿ ಕಂಡಿಲ್ಲ ಎಂದು ರೆಂಕೆನ್ ಗುರುವಾರ ಬಿದ್ದು ಬಿದ್ದು ನಗುತ್ತಾರೆ. ಗಡುವಿಗೆ ಇನ್ನೂ ಎರಡು ದಿನ. ನೆರ್ಮಿನಾ ಬರೆದ ಒಂದೂವರೆ ಪುಟದ ಉತ್ತರದ ಮೇಲೆ ಕೆಂಪು ಪೆನ್ನು ಸಲೀಸಾಗಿ ಓಡುತ್ತದೆ, ಕೊನೆಯ ಪ್ಯಾರಾದಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಸಾಲಿದೆ: "ಈ ಮಹಿಳೆ ಸುಳ್ಳು ಬರೆದವರಲ್ಲ, ಅವರ ತಾಯಿ ಏಳು ತಿಂಗಳು ಮಣ್ಣಿಗಾಗಿ ಕಾದರು, ನಡುವಿನ ದಿನವೆಲ್ಲ ಮಗಳು ಇಲ್ಲಿ ಮೆಟ್ಟಿಲು ಒರೆಸುತ್ತ, ಮಗು ನೋಡಿಕೊಳ್ಳುತ್ತ, ಶೋಕದಲ್ಲಿದ್ದರು."

"ಇದು ಬೇಡ," ಎನ್ನುತ್ತಾರೆ ರೆಂಕೆನ್. "ಕಾನೂನಿಗೆ ಇದರಿಂದ ಏನೂ ಆಗಬೇಕಾಗಿಲ್ಲ."

"ಗೊತ್ತು. ಇರ್ಲಿ."

"ಓದೋರು ತಾರೀಖು ಮಾತ್ರ ನೋಡ್ತಾರೆ ನೆರ್ಮಿನಾ. ಸಾಲು ಜಾಸ್ತಿಯಾದ್ರೆ ರೇಗ್ತಾರೆ."

"ಹದಿನಾಲ್ಕು ವರ್ಷದಿಂದ ನೀವು ಗೆರೆ ಹೊಡೀತೀರಿ, ನಾನು ಮತ್ತೆ ಬರೀತೀನಿ. ಇವತ್ತೂ ಅದೇ ಆಗ್ಲಿ."

ಇದು ಅವರಿಬ್ಬರ ಹಳೆಯ ವ್ಯಾಜ್ಯ. ಬರೆದುಕೊಡುವ ಪ್ರತಿ ಉತ್ತರದಲ್ಲೂ ನೆರ್ಮಿನಾ ಕಾನೂನಿಗೆ ಬೇಡದ ಒಂದು ಸಾಲು ಇಡುತ್ತಾರೆ. ಒಬ್ಬರು ಹಡಗಿನಲ್ಲಿ ಅಡುಗೆ ಕಲಿತವರು ಎಂದಿರುತ್ತದೆ, ಇನ್ನೊಬ್ಬರು ಅಂಗಳದ ಸೇಬಿನ ಮರಕ್ಕೆ ಮಗಳ ಹೆಸರಿಟ್ಟಿದ್ದಾರೆ ಎಂದಿರುತ್ತದೆ. ಒಬ್ಬರಾದರೂ ಅದನ್ನು ಓದಿದ ಸುಳಿವು ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ಹಾಗಿದ್ದರೂ ಯಾಕೆ ಎಂದರೆ ಹೆಗಲು ಕುಣಿಸುತ್ತಾರೆ. "ನಮ್ಮ ಸೆನಾದ್ ಕಡತದಲ್ಲಿ ನಂಬರ್ ಇತ್ತು, ತಾರೀಖು ಇತ್ತು. ಅವನು ಹೇಗಿದ್ದ ಅಂತ ಒಂದು ಸಾಲೂ ಇರಲಿಲ್ಲ." ರೆಂಕೆನ್ ನಿಟ್ಟುಸಿರು ಬಿಟ್ಟು ಪೆನ್ನಿಗೆ ಮುಚ್ಚಳ ಹಾಕುತ್ತಾರೆ. ಸಾಲು ಉಳಿಯುತ್ತದೆ.

ಆಮೇಲಿನ ಆರು ವಾರ ಎಫುವಾ ಅವರಿಗೆ ಸರಿಯಾದ ನಿದ್ದೆಯಿಲ್ಲ. ಪಾಳಿ ಮುಗಿದೊಡನೆ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ, ನೆರ್ಮಿನಾ ಇನ್ನೂ ಇಲ್ಲವೆಂದು ತಲೆಯಾಡಿಸುತ್ತಾರೆ, ಎಫುವಾ ಮನೆಗೆ ಹೋಗುತ್ತಾರೆ. ಏಳನೆಯ ವಾರದಲ್ಲಿ, ಮಂಗಳವಾರ ಕಚೇರಿಗೆ ಬನ್ನಿ ಎಂದು ಕರೆ ಬರುತ್ತದೆ; ಎಫುವಾ ಹೋಗಿಬರುತ್ತಾರೆ. ಬುಧವಾರ ಬೆಳಿಗ್ಗೆ ಬೇಕರಿಯ ಬಾಗಿಲು ತೆರೆದಾಗ ಮೀನಿನ ವಾಸನೆಯಿಲ್ಲ. ಎಫುವಾ ರಜೆ ಹಾಕಿ, ಇಸ್ತ್ರಿ ಮಾಡಿದ ನೀಲಿ ಉಡುಪು ತೊಟ್ಟು ಬಂದಿದ್ದಾರೆ. ಕಾಯಂ ವಾಸದ ಕಾರ್ಡನ್ನು ಕ್ಯಾಲೆಂಡರಿನ ಮೇಲಿಟ್ಟು ನೆರ್ಮಿನಾ ಅವರನ್ನು ಕುರ್ಚಿಯಿಂದ ಎಬ್ಬಿಸಿ ತಬ್ಬಿಕೊಳ್ಳುತ್ತಾರೆ. ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟುತ್ತಾರೆ.

"ಇನ್ನೊಂದು ಮಾತಿದೆ ಅಕ್ಕಾ," ಎನ್ನುತ್ತಾರೆ ಎಫುವಾ, ಕಣ್ಣೊರೆಸಿಕೊಳ್ಳುತ್ತ. "ಅಲ್ಲಿ ಕೂತಿದ್ದ ಹೆಂಗಸು ಕಾರ್ಡ್ ಕೊಟ್ರು. ಸಹಿ ಹಾಕಿಸ್ಕೊಂಡ್ರು. ನಾನು ಎದ್ದೆ. ಆಗ ಕರೆದು ಹೇಳಿದ್ರು, ನಿಮ್ಮ ತಾಯಿಯ ವಿಷಯ ಓದಿದೆ, ಅಷ್ಟು ದಿನ ಕಾಯೋದು ಕಷ್ಟ ಆಗಿರ್ಬೇಕು ಅಂತ. ಹೆಸರೇನು ಅಂತಾನೂ ಕೇಳಿದ್ರು. ಅಬಾ ಅಂದೆ. ಕಚೇರಿ ಒಳಗೆ ಜೋರಾಗಿ ಅಮ್ಮನ ಹೆಸರು ಹೇಳಿದೆ ಅಕ್ಕಾ."

ನೆರ್ಮಿನಾ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಸಾಲಿನಲ್ಲಿ ಮುಂದಿನವರು ಕುರ್ಚಿ ಎಳೆದುಕೊಳ್ಳುವುದಕ್ಕೂ ಹಿಂಜರಿಯುತ್ತಾರೆ.

ನಿಮ್ಮಿಂದ ಒಂದು ಸಂಸಾರ ಉಳಿಯಿತಲ್ಲ ಎಂದರೆ ಕೈಯಾಡಿಸಿ ತಳ್ಳಿಹಾಕುತ್ತಾರೆ. "ಕಾರ್ಡ್ ಕೊಟ್ಟಿದ್ದು ಕಾನೂನು. ಅದು ಅವಳ ಹಕ್ಕು, ಅವಳಿಗೆ ಸಿಕ್ತು. ಅದರಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇಲ್ಲ." ಪೆನ್ನು ಕೈಗೆತ್ತಿಕೊಂಡು, ಮುಂದಿನವರಿಗೆ ಕುರ್ಚಿ ತೋರಿಸುತ್ತಾರೆ. ಆಮೇಲೆ, ಯಾರಿಗೂ ಹೇಳದವರಂತೆ ಮೆಲ್ಲಗೆ ಸೇರಿಸುತ್ತಾರೆ.

"ಆ ಸಾಲು ಮಾತ್ರ ನಂದು."